ಒಂದೇ ಸಲ ಕೇಳಿದರು

ಬೆಳಿಗ್ಗೆ ಏಳೂವರೆ ಕಾರ್ಡು ಹಂಚುವ ಹೊತ್ತು. ಪ್ರವಾಸಿ ಹಡಗಿನ ಹನ್ನೆರಡನೇ ಡೆಕ್ಕಿನ ಸ್ಪಾದ ಹಿಂಬದಿಯಲ್ಲಿ, ಒಗೆದ ಟವೆಲ್ಲುಗಳನ್ನು ಪೇರಿಸಿಡುವ ಕಿಟಕಿಯಿಲ್ಲದ ಕೋಣೆಯಲ್ಲಿ ಹದಿನಾಲ್ಕು ಹೆಂಗಸರು ಗೋಡೆಗೊರಗಿ ನಿಲ್ಲುತ್ತಿದ್ದರು. ಮ್ಯಾನೇಜರ್ ಮಾರೆಲೀಸ್ ಒಬ್ಬೊಬ್ಬರ ಹೆಸರು ಕರೆದು ಆ ದಿನದ ಕಾರ್ಡುಗಳನ್ನು ಕೈಗಿಡುತ್ತಿದ್ದಳು. ಅವು ಮಸಾಜಿಗೆ ಬರುವ ಅತಿಥಿಗಳು ತುಂಬಿಸಿಕೊಟ್ಟ ಕಾರ್ಡುಗಳು. ಬಿಪಿ ಇದೆಯೇ, ಆಪರೇಷನ್ ಆಗಿದೆಯೇ, ನೋವು ಎಲ್ಲಿ, ಕೈಯ ಭಾರ ಹಗುರವಾಗಿರಬೇಕೋ ಬಲವಾಗಿಯೋ. ಎಲ್ಲದರ ಕೆಳಗೆ ಎರಡು ಖಾಲಿ ಗೆರೆ: ಬೇರೇನಾದರೂ ಹೇಳುವುದಿದೆಯೇ?

ಎಲ್ಲರ ಕಣ್ಣೂ ಮೊದಲು ಓಡುತ್ತಿದ್ದುದು ಆ ಎರಡು ಗೆರೆಗೆ. ಹಡಗಿನ ಪ್ರಯಾಣ ಚೆನ್ನಾಗಿ ಬಲ್ಲವರು ಅಲ್ಲಿ ಬರೆದಿರುತ್ತಿದ್ದರು: ದಯವಿಟ್ಟು ನನಗೆ ಏನನ್ನೂ ಮಾರಲು ಬರಬೇಡಿ.

ಇಂಥ ಕಾರ್ಡಿಗೆ ಹುಡುಗಿಯರು ‘ಬೀಗ’ ಎಂದು ಹೆಸರಿಟ್ಟಿದ್ದರು. ಬೀಗದ ಕಾರ್ಡಿನ ಅತಿಥಿಗೆ ಐವತ್ತು ನಿಮಿಷ ಮೈ ನೀವಿ ಕಳಿಸಬೇಕು, ಅಷ್ಟೇ. ಕ್ರೀಮಿನ ಮಾತಿಲ್ಲ, ಮಾತ್ರೆಯ ಮಾತಿಲ್ಲ, ಕಮಿಷನ್ ಅಂತೂ ಇಲ್ಲವೇ ಇಲ್ಲ. ಚೆನ್ನಾಗಿ ಮಾರುವವರ ಕೈಗೆ ಬೀಗ ಕೊಟ್ಟರೆ ನಷ್ಟವೆಂದು ಮಾರೆಲೀಸ್ ಅವನ್ನೆಲ್ಲ ಮಾರಲು ಬಾರದವರಿಗೆ ಹಂಚುತ್ತಿದ್ದಳು. ಹಾಗಾಗಿ ಪಟ್ಟಿಯ ಕೊನೆಯಲ್ಲಿದ್ದವರು ಕೊನೆಯಲ್ಲೇ ಉಳಿಯುತ್ತಿದ್ದರು.

ಪ್ರಯಾಣದ ಮೂರನೆಯ ದಿನ ಲಿಲಿಬೆತ್‌ಗೆ ಐದು ಕಾರ್ಡು ಸಿಕ್ಕವು. ನಾಲ್ಕು ಬೀಗ.

“ಏನೇ, ಬೀಗದ ಅಂಗಡಿ ಇಡ್ತೀಯಾ?” ಎಂದು ಪಕ್ಕದಲ್ಲಿದ್ದ ರೊವೀನಾ ಕಿವಿಯಲ್ಲಿ ಅಂದಳು.

“ಸುಮ್ನಿರಕ್ಕ. ಅವಳು ನೋಡ್ತಿದಾಳೆ.”

“ನೋಡ್ಲಿ ಬಿಡು. ಬೀಗ ಹಂಚಿದೋಳು ಕೀಲಿಕೈನೂ ಕೊಡ್ಬೇಕಪ್ಪ.”

ಎಲ್ಲರೂ ಹೊರಟ ಮೇಲೆ ಮಾರೆಲೀಸ್ ಬಾಗಿಲು ಮುಚ್ಚಿದಳು. ಬಾಗಿಲ ಹಿಂದೆ ಪಟ್ಟಿ ಅಂಟಿಸಿತ್ತು. ಪ್ರತಿ ಹೆಸರಿನ ಮುಂದೂ ಒಂದು ಬಣ್ಣದ ಗೆರೆ. ಮಾರಿದಷ್ಟೂ ಬಲಕ್ಕೆ ಬೆಳೆಯುವಂಥದು. ನಡುವೆ ಮೇಲಿಂದ ಕೆಳಗೆ ಎಳೆದ ಕೆಂಪು ಗೀಟು. ಮಸಾಜು ಹೇಗೆ ಮಾಡಿದರು ಎನ್ನುವುದಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

“ಮೂರು ಟ್ರಿಪ್ ಆಯ್ತು ಲಿಲಿಬೆತ್. ಒಂದ್ರಲ್ಲೂ ಗೀಟು ಮುಟ್ಟಿಲ್ಲ ನೀನು.”

“ಗೊತ್ತು ಮೇಡಂ.”

“ಇದೂ ಹಾಗೇ ಆದ್ರೆ ಫ್ಲಾರಿಡಾದಲ್ಲಿ ನಿನ್ನ ಇಳಿಸಬೇಕು ಅಂತ ಆಫೀಸಿಂದ ಹೇಳಿದಾರೆ. ನಾನು ಹೇಳ್ತಿರೋದಲ್ಲ ಇದು.”

“ಕೆಳಗೆ ಏನೂ ಬರೀದಿರೋ ಓಪನ್ ಕಾರ್ಡ್ ಸ್ವಲ್ಪ ಕೊಟ್ರೆ ನಾನೂ ಪ್ರಯತ್ನ ಪಡ್ತೀನಿ ಮೇಡಂ.”

“ಗೀಟು ಮುಟ್ಟು, ಕೊಡ್ತೀನಿ.”

ಮಾರೆಲೀಸ್ ಕೆಟ್ಟವಳಲ್ಲ. ದಕ್ಷಿಣ ಆಫ್ರಿಕಾದ ಯಾವುದೋ ಬಂದರಿನವಳು. ಪ್ರತಿ ಪ್ರಯಾಣದ ಕೊನೆಗೆ ಅವಳೂ ಫೋನಿನಲ್ಲಿ ಯಾರಿಗೋ “ಎಸ್ ಸರ್, ಎಸ್ ಸರ್” ಎನ್ನುವುದನ್ನು, ಹಾಗೆನ್ನುವಾಗ ಬಿಳಿ ಷೂವಿನ ತುದಿಯಿಂದ ನೆಲವನ್ನು ಕೆರೆಯುವುದನ್ನು ಎಲ್ಲರೂ ನೋಡಿದ್ದರು.

ಲಿಲಿಬೆತ್‌ಗೆ ಆಗ ಮೂವತ್ತೊಂಬತ್ತು. ಅವಳ ಊರು ಮನಿಲಾದ ದಕ್ಷಿಣಕ್ಕಿರುವ ಗಿಮರಾಸ್ ದ್ವೀಪ. ಎದುರು ದಡದಲ್ಲಿ ಇಲೊಯಿಲೊ ನಗರ. ನಡುವೆ ಯಂತ್ರದ ದೋಣಿಯಲ್ಲಿ ಕಾಲು ಗಂಟೆಯ ನೀರು. ಗಂಡ ನೆಸ್ಟರ್ ಹದಿನೆಂಟು ವರ್ಷ ಆ ನೀರಿನ ಮೇಲೆ ದೋಣಿ ಓಡಿಸಿದವನು. ಶಾಲೆಯ ಮಕ್ಕಳು, ಮಾವಿನ ಬುಟ್ಟಿಗಳು, ಬಸುರಿಯರು, ಹಂದಿಮರಿಗಳು ಎಲ್ಲವನ್ನೂ ದಾಟಿಸಿದವನು. ನಾಲ್ಕು ವರ್ಷದ ಹಿಂದೆ ಅವನ ಕಾಲು ಊದಿಕೊಂಡವು, ಆಮೇಲೆ ಮುಖ. ಎರಡೂ ಕಿಡ್ನಿ ಹೋಗಿವೆ ಎಂದರು ಡಾಕ್ಟರು. ಈಗ ವಾರಕ್ಕೆರಡು ಸಲ ಅದೇ ದೋಣಿಯಲ್ಲಿ, ಬೇರೆಯವನು ಓಡಿಸುವಾಗ ಹಿಂದಿನ ಹಲಗೆಯ ಮೇಲೆ ಕೂತು, ಡಯಾಲಿಸಿಸ್ಸಿಗೆ ಹೋಗಿಬರುತ್ತಿದ್ದ. ಆ ಎರಡು ಸಲದ ಖರ್ಚನ್ನು ನಡೆಸುತ್ತಿದ್ದುದು ಲಿಲಿಬೆತ್‌ಳ ಹಡಗಿನ ಕೆಲಸ. ಅದು ತಪ್ಪಿದರೆ ಏನಾಗುತ್ತದೆ ಎಂದು ಗಂಡ ಹೆಂಡತಿ ಇಬ್ಬರೂ ಬಾಯಿ ಬಿಟ್ಟು ಆಡಿದ್ದಿಲ್ಲ. ಹಡಗಿನಿಂದ ಒಮ್ಮೆ ಇಳಿಸಿದವರನ್ನು ಮನಿಲಾದ ಏಜೆನ್ಸಿ ಮತ್ತೆ ಕರೆಯುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮೈ ನೀವುವುದನ್ನು ಅವಳು ಕಲಿತದ್ದು ದೊಡ್ಡಮ್ಮ ಪುರಿಂಗ್ ಹತ್ತಿರ. ಆ ದ್ವೀಪದಲ್ಲಿ ಇದಕ್ಕೆ ಹಿಲೊತ್ ಎನ್ನುತ್ತಾರೆ. ಉಳುಕಿದ ಕಾಲು, ಅಡ್ಡ ತಿರುಗಿದ ಬಸಿರು, ನಿದ್ದೆ ಬಾರದ ಬೆನ್ನು ಎಲ್ಲವೂ ದೊಡ್ಡಮ್ಮನ ಚಾಪೆಗೆ ಬರುತ್ತಿದ್ದವು. ಅವಳು ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ, ಕಣ್ಣು ಮುಚ್ಚಿ, ಬೆರಳಿನಿಂದಲೇ ನೋಡುತ್ತಿದ್ದಳು. ಎಷ್ಟು ಕೊಡಬೇಕು ಎಂದು ಯಾರಾದರೂ ಕೇಳಿದರೆ ಕಿವಿಯೇ ಇಲ್ಲದವಳಂತೆ ಎದ್ದು ಒಳಗೆ ಹೋಗುತ್ತಿದ್ದಳು. ಇಷ್ಟು ಕೊಡು ಎಂದು ಬಾಯಿಂದ ಬಂದರೆ ಕೈಗುಣ ಹೋಗುತ್ತದೆ ಎಂದು ನಂಬಿದವಳು. ಜನ ಚಾಪೆಯ ಮೂಲೆಯಲ್ಲಿ ಮೊಟ್ಟೆಯನ್ನೋ ಒಂದು ಸೇರು ಅಕ್ಕಿಯನ್ನೋ ಇಟ್ಟು ಹೋಗುತ್ತಿದ್ದರು.

ಹಡಗು ಹತ್ತುವ ಮುಂಚೆ ಮೂರು ವಾರ ತರಬೇತಿ ಕೊಟ್ಟಿದ್ದರು. ಮೊದಲ ಎರಡು ದಿನ ಮಸಾಜು. ಉಳಿದದ್ದೆಲ್ಲ ಮಾರುವುದು.

ಆ ದಿನದ ಮೂರನೆಯ ಬೀಗ ಮಿಸೆಸ್ ವಿಟ್‌ಲಾಕ್. ಎಪ್ಪತ್ತೆರಡು ವರ್ಷ, ನೆಬ್ರಾಸ್ಕದವಳು, ನಲವತ್ತು ವರ್ಷ ಮಕ್ಕಳಿಗೆ ಪಿಯಾನೊ ಕಲಿಸಿದ್ದಳು. ಕಾರ್ಡಿನ ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಅಡಿಗೆರೆ ಎಳೆದು, ಆ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದಿದ್ದಳು. ಕೋಣೆಗೆ ಬಂದವಳೇ ನಿಲುವಂಗಿಯ ಕೊರಳನ್ನು ಹಿಡಿದುಕೊಂಡು ಕೇಳಿದಳು:

“ನನ್ನ ಕಾರ್ಡ್ ಓದಿದೀಯಾ?”

“ಓದಿದೀನಿ ಮೇಡಂ.”

“ಕೊನೇವರೆಗೂ?”

“ಕೊನೇವರೆಗೂ ಮೇಡಂ.”

“ಹೋದ ವರ್ಷ ಬೇರೆ ಹಡಗಲ್ಲಿ ಒಬ್ಳು ನನ್ ಬೆನ್ ಮೇಲೆ ಕೈಯಿಟ್ಟು ಅಯ್ಯೋ ಅಂದ್ಲು. ನಂಗೆ ಕ್ಯಾನ್ಸರೇ ಬಂತೇನೋ ಅನ್ಕೊಂಡೆ. ಕೊನೇಗೆ ನೋಡಿದ್ರೆ ಅವಳಿಗೆ ಒಂದು ಡಬ್ಬಿ ಕ್ರೀಮ್ ಮಾರಬೇಕಿತ್ತು.”

ಲಿಲಿಬೆತ್‌ಗೆ ನಗು ಬಂತು. ತಡೆದುಕೊಂಡಳು. ಆಮೇಲೆ ಇಬ್ಬರೂ ನಕ್ಕರು.

ಮಂಚದ ತುದಿಯ ತೂತಿನಲ್ಲಿ ಮುಖವಿಟ್ಟು ಮುದುಕಿ ಬೋರಲು ಮಲಗಿದಳು. ಬಲ ಭುಜ ಕಲ್ಲಾಗಿತ್ತು. ನಲವತ್ತು ವರ್ಷ ಮಕ್ಕಳ ಬೆರಳನ್ನು ತಿದ್ದಲು ಪಕ್ಕದಿಂದ ಬಾಗಿ ಬಾಗಿ ಆ ಭುಜ ತನ್ನದೇ ಒಂದು ಆಕಾರಕ್ಕೆ ಬಂದು ನಿಂತಿತ್ತು. ಲಿಲಿಬೆತ್ ಕಣ್ಣು ಮುಚ್ಚಿದಳು. ಕೆಳಗೆ, ತುಂಬ ಕೆಳಗೆ, ಎಂಜಿನ್ನಿನ ನಡುಕ ನೆಲದಿಂದ ಅವಳ ಕಾಲಿಗೆ, ಕಾಲಿನಿಂದ ಕೈಗೆ, ಕೈಯಿಂದ ಆ ಭುಜಕ್ಕೆ ಹೋಗುತ್ತಿತ್ತು. ಅರ್ಧ ಗಂಟೆಯ ನಂತರ ಹೆಬ್ಬೆರಳಿನ ಅಡಿಯಲ್ಲಿ ಏನೋ ಒಂದು ಎಳೆ ಸಡಿಲಾಯಿತು. ಮುದುಕಿ ಉಸಿರು ಬಿಟ್ಟಳು.

ಕೊನೆಯ ಹತ್ತು ನಿಮಿಷ ಮಾರುವ ಹೊತ್ತು. ಅತಿಥಿಗೆ ನಿಂಬೆ ಹಾಕಿದ ನೀರು ಕೊಟ್ಟು, ಡಾಕ್ಟರ ಚೀಟಿಯಂತೆ ಒಂದು ಹಾಳೆಯಲ್ಲಿ ಮೂರು ಹೆಸರು ಬರೆದು, ಈ ಮೂರನ್ನೂ ತಿಂಗಳುಗಟ್ಟಲೆ ಬಳಸಬೇಕು ಎನ್ನಬೇಕು. ಬೀಗದವರ ಹತ್ತಿರ ಆ ಹತ್ತು ನಿಮಿಷ ಖಾಲಿ ಉಳಿಯುತ್ತಿತ್ತು. ಲಿಲಿಬೆತ್ ಆಗ ಅವರ ಪಾದ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಬಿಸಿಯಾದ ಕೈಯನ್ನು ತಕ್ಷಣ ತಣ್ಣೀರಿಗೆ ಒಡ್ಡಿದರೆ ನರ ಕೆಟ್ಟು ಬೆರಳು ನಡುಗಲು ಶುರುವಾಗುತ್ತದೆ ಎಂದು ಅವಳ ಕಡೆಯವರ ಭಯ. ಕೈ ತಾನಾಗಿಯೇ ಆರಬೇಕು. ಆರುವವರೆಗೆ ಇನ್ನೊಬ್ಬರ ಪಾದ ಹಿಡಿದಿದ್ದರೆ ಇಬ್ಬರಿಗೂ ಒಳ್ಳೆಯದು.

“ನೀನು ಮಾತೇ ಆಡ್ಲಿಲ್ಲ,” ಎಂದಳು ಮಿಸೆಸ್ ವಿಟ್‌ಲಾಕ್, ಹೊರಡುವಾಗ. ಅವಳ ಕಣ್ಣು ಕೆಂಪಾಗಿದ್ದವು. “ಶುಕ್ರವಾರ ನಿನ್ನ ಹತ್ರಾನೇ ಬರ್ತೀನಿ.”

ಮಧ್ಯಾಹ್ನ ಕೆಲಸದವರ ಊಟದ ಮನೆಯಲ್ಲಿ ರೊವೀನಾ ಅನ್ನದ ತಟ್ಟೆಯನ್ನು ಅವಳೆದುರು ಇಟ್ಟುಕೊಂಡು ಕೂತಳು. ರೊವೀನಾ ಅವಳ ದೇಶದವಳೇ, ಬತಾಂಗಸ್ಸಿನವಳು, ನಲವತ್ತಾರರ ಗಟ್ಟಿ ಹೆಂಗಸು. ಪಟ್ಟಿಯಲ್ಲಿ ಅವಳ ಗೆರೆ ಕೆಂಪು ಗೀಟು ದಾಟಿ ಹಾಳೆಯ ಅಂಚಿಗೆ ಬಂದಿತ್ತು. ಇಬ್ಬರದೂ ಒಂದೇ ಕ್ಯಾಬಿನ್, ಮೇಲೊಂದು ಕೆಳಗೊಂದು ಮಂಚ.

“ಹೇಳಿಕೊಡ್ತೀನಿ ಕೇಳು. ಬೆನ್ನು ಮುಟ್ಟು. ಒಂದ್ ಕ್ಷಣ ನಿಲ್ಲು. ಮೆಲ್ಲಗೆ ‘ಅಯ್ಯೋ’ ಅನ್ನು. ಅಷ್ಟೆ. ಮಿಕ್ಕಿದ್ದು ಅವರೇ ಕೇಳ್ತಾರೆ, ಏನಾಯ್ತು ಏನಾಯ್ತು ಅಂತ.”

“ಅವರಿಗೆ ಏನೂ ಆಗಿರಲ್ವಲ್ಲ ಅಕ್ಕ.”

“ಅರವತ್ತು ದಾಟಿದೋರಿಗೆ ಏನೂ ಆಗಿರಲ್ಲ ಅನ್ನೋಕೆ ನೀನ್ಯಾರೇ? ಏನಾದ್ರೂ ಆಗೇ ಇರತ್ತೆ.”

ಲಿಲಿಬೆತ್ ನಕ್ಕಳು. “ಆ ಕಡಲ ಪಾಚಿ ಪುಡಿನ ಹೇಗೆ ಮಾರ್ತೀಯ ನೀನು? ನಂಗೆ ಬಾಯೇ ಬರಲ್ಲ. ನಮ್ಮೂರಲ್ಲಿ ಆ ಪಾಚಿನ ಹಸೀದೇ ಈರುಳ್ಳಿ, ವಿನಿಗರ್ ಹಾಕ್ಕೊಂಡು ಸುಟ್ಟ ಮೀನಿನ ಜೊತೆ ತಿಂತೀವಿ.”

“ನಾನೂ ತಿಂತೀನಿ. ಅದಕ್ಕೇ ಧೈರ್ಯವಾಗಿ ಮಾರ್ತೀನಿ. ತಿಂದ್ರೂ ಸಾಯಲ್ಲ ಅಂತ ಗೊತ್ತಲ್ಲ.” ರೊವೀನಾ ಅನ್ನದ ತುತ್ತನ್ನು ಬಾಯಿಗೆ ಹಾಕಿಕೊಂಡಳು. ಆಮೇಲೆ ದನಿ ಇಳಿಸಿದಳು. “ನೋಡು, ಇವರು ಏಳು ಹೊತ್ತು ತಿಂದು, ದುಡ್ಡು ಹೇಗೆ ಖಾಲಿ ಮಾಡೋದು ಅಂತ ಗೊತ್ತಾಗ್ದೆ ಡೆಕ್ಕಲ್ಲಿ ಸುತ್ತೋರು. ನೆಸ್ಟರ್‌ನ ನೆನಪು ಮಾಡ್ಕೊಂಡು ಬಾಯಿ ಬಿಡು. ನಾಚಿಕೆ ಆದ್ರೆ ಕ್ಯಾಬಿನ್‌ಗೆ ಬಂದು ಆಗು.”

ಆಮೇಲಿನ ದಿನಗಳಲ್ಲಿ ಲಿಲಿಬೆತ್ ಬಾಯಿ ಬಿಟ್ಟಳು. ಸಿಕ್ಕ ಒಂದೊಂದು ಓಪನ್ ಕಾರ್ಡಿನ ಹತ್ತಿರ, ಕಲಿಸಿದ ಮಾತನ್ನು ಕಲಿಸಿದ ಹಾಗೆ ಹೇಳಿದಳು. ಟೆಕ್ಸಾಸಿನ ಒಬ್ಬ ಗಂಡಸು ಮೊಣಕೈಯ ಜೆಲ್ ತೆಗೆದುಕೊಂಡ. ತಾಯಿ ಮಗಳು ಇಬ್ಬರು ಮುಖದ ಕ್ರೀಮು ಕೊಂಡರು. ‘ಅಯ್ಯೋ’ ಎನ್ನುವುದೊಂದು ಮಾತ್ರ ಅವಳ ಗಂಟಲಿನಿಂದ ಮೇಲೆ ಬರಲಿಲ್ಲ. ಆದರೂ ಬಾಗಿಲ ಹಿಂದಿನ ಗೆರೆ ಮೊದಲ ಬಾರಿಗೆ ಕೆಂಪು ಗೀಟಿನ ಕಡೆಗೆ ನಡೆಯತೊಡಗಿತು.

ಶುಕ್ರವಾರ ಮಿಸೆಸ್ ವಿಟ್‌ಲಾಕ್ ಬಂದಳು. ಕೈಯೆತ್ತಿ ತಲೆ ಬಾಚಿಕೊಂಡೆ ಎಂದು ಮಗುವಿನಂತೆ ತೋರಿಸಿದಳು. ಎರಡು ವರ್ಷದಿಂದ ಆಗುತ್ತಿರಲಿಲ್ಲವಂತೆ. ಮಾತಿಲ್ಲದ ಐವತ್ತು ನಿಮಿಷ ಮುಗಿಸಿಕೊಂಡು, ಹೋಗುವಾಗ ಹಡಗಿನ ಕಚೇರಿಯ ಪೆಟ್ಟಿಗೆಯಲ್ಲಿ ಒಂದು ಮೆಚ್ಚುಗೆಯ ಚೀಟಿ ಬರೆದು ಹಾಕಿದಳು.

ಶನಿವಾರ ಬೆಳಿಗ್ಗೆ ಮಾರೆಲೀಸ್ ಆ ಚೀಟಿಯನ್ನು ಎಲ್ಲರೆದುರು ಓದಿದಳು. ಓದಲೇಬೇಕೆಂದು ನಿಯಮ.

“‘ಈ ಹಡಗಿನಲ್ಲಿ ನನಗೆ ಏನನ್ನೂ ಮಾರಲು ಬರದ ಒಬ್ಬಳೇ ಒಬ್ಬಳು ಲಿಲಿಬೆತ್. ಅವಳು ಮಾತಾಡುವುದಿಲ್ಲ, ಕೆಲಸ ಮಾಡುತ್ತಾಳೆ. ದಯವಿಟ್ಟು ಉಳಿದವರಿಗೂ ಅವಳಂತೆ ಇರಲು ಕಲಿಸಿ.’”

ಎಲ್ಲರೂ ಚಪ್ಪಾಳೆ ತಟ್ಟಿದರು. ಅದೂ ನಿಯಮ. ಲಿಲಿಬೆತ್ ತಲೆ ತಗ್ಗಿಸಿ “ಪುಯೆರಾ ಬುಯಾಗ್” ಎಂದು ತುಟಿಯೊಳಗೇ ಅಂದುಕೊಂಡಳು. ಹೊಗಳಿದ ಬಾಯಿಯ ದೃಷ್ಟಿ ತಾಗದಿರಲಿ ಎಂದು ಅವಳ ಊರಿನಲ್ಲಿ ಹೇಳುವ ಮಾತು.

“ಅದ್ರಿಂದ ಏನೂ ಆಗಲ್ಲ, ಥೂ ಥೂ ಅಂತ ಉಗಿ,” ಎಂದು ರೊವೀನಾ ಪಿಸುಗುಟ್ಟಿದಳು. “ದೃಷ್ಟಿ ಆಗ್ಲೇ ಬಿದ್ದಾಯ್ತು. ಅವಳ ಮುಖ ನೋಡು.”

ಮಾರೆಲೀಸ್ ಚೀಟಿಯನ್ನು ನಾಲ್ಕಾಗಿ ಮಡಚುತ್ತಿದ್ದಳು. ಕಾರ್ಡು ಹಂಚಿ ಮುಗಿದ ಮೇಲೆ ಲಿಲಿಬೆತ್‌ಳನ್ನು ನಿಲ್ಲಿಸಿಕೊಂಡಳು.

“ಇದು ಆಫೀಸಿಗೂ ಹೋಗತ್ತೆ, ಗೊತ್ತಲ್ಲ? ‘ಮಾರಲು ಬರದ ಒಬ್ಬಳೇ ಒಬ್ಬಳು.’ ನಿನ್ನ ಉಳಿಸ್ಕೊಳ್ಳೋಕೆ ನಾನು ಏನಂತ ಬರೀಲಿ ಈಗ?”

“ನಾನು ಅವರ ಕಾರ್ಡ್‌ನಲ್ಲಿ ಇದ್ದ ಹಾಗೆ ಮಾಡ್ದೆ ಮೇಡಂ.”

“ಗೊತ್ತು ಲಿಲಿಬೆತ್. ತಪ್ಪು ಅಂತ ನಾನೆಲ್ಲಿ ಅಂದೆ? ಗೀಟು ಮುಟ್ಟು ಅಂತಿದೀನಿ. ಸೋಮವಾರ ಕೊನೇ ದಿನ.”

ಭಾನುವಾರ ಒಂದು ದ್ವೀಪದಲ್ಲಿ ಹಡಗು ನಿಂತಿತ್ತು. ಅತಿಥಿಗಳೆಲ್ಲ ಮರಳಿಗೆ ಇಳಿದು ಹೋಗಿ ಸ್ಪಾ ಬಿಕೋ ಎನ್ನುತ್ತಿತ್ತು. ಲಿಲಿಬೆತ್ ಹದಿನಾಲ್ಕು ಕೋಣೆಯ ಬಾಟಲಿಗಳನ್ನೂ ಒರೆಸಿದಳು. ಪಾಚಿ ಪುಡಿ, ಪಾಚಿ ಎಣ್ಣೆ, ಪಾಚಿ ಮಾತ್ರೆ ಮೂರನ್ನೂ ಸೇರಿಸಿ ರಿಬ್ಬನ್ನು ಕಟ್ಟಿದ ದೊಡ್ಡ ಸೆಟ್ಟು ಎಲ್ಲಕ್ಕಿಂತ ದುಬಾರಿ. ಬಾಗಿಲ ಹಿಂದೆ ಅವಳ ಗೆರೆ ಎಲ್ಲಿ ನಿಂತಿತ್ತೆಂದರೆ, ಅಂಥದೊಂದು ಸೆಟ್ಟು ಮಾರಿದರೆ ಕೆಂಪು ಗೀಟನ್ನು ದಾಟುತ್ತಿತ್ತು. ಬೆರಳಿನಲ್ಲಿ ಅಳೆದು ನೋಡಿದಳು. ಒಂದು ಉಗುರಿನಷ್ಟು ಜಾಗ.

ಸೋಮವಾರ ಸಿಕ್ಕಿದ್ದು ಮೂರು ಕಾರ್ಡು. ಮೊದಲ ಇಬ್ಬರು ನವವಿವಾಹಿತರು, ಮಾರುವ ಮಾತಿನ ನಡುವೆಯೇ ಎದ್ದು ಹೋದರು. ಮೂರನೆಯದು ಮಧ್ಯಾಹ್ನ ಮೂರಕ್ಕೆ, ಮಿಸೆಸ್ ವಿಟ್‌ಲಾಕ್. ಎರಡು ಅಡಿಗೆರೆಯ ಅದೇ ಸಾಲು, ಕೆಳಗೆ ಹೊಸದಾಗಿ: ಲಿಲಿಬೆತ್ ಮಾತ್ರ.

“ಒಂದು ಸೆಟ್ಟು ಕಣೇ. ಒಂದೇ ಒಂದು,” ಎಂದಳು ರೊವೀನಾ, ಟವೆಲ್ಲಿನ ಕೋಣೆಯಲ್ಲಿ ಅವಳ ರಟ್ಟೆ ಹಿಡಿದು. “ಆ ಮುದುಕಿಗೆ ನೀನಂದ್ರೆ ಪ್ರಾಣ. ಹೀಗ್ಹೀಗೆ ಕಷ್ಟ ಇದೆ ಅಂದ್ರೆ ಎರಡು ತಗೋತಾಳೆ. ಕೇಳೋಕೆ ಏನು ರೋಗ ನಿಂಗೆ?”

“ಬೀಗ ಅಕ್ಕ ಅವರು.”

“ಬೀಗ ಒಡೀತಾರಮ್ಮ, ಮನೆಗೆ ಬೆಂಕಿ ಬಿದ್ದಾಗ.”

ಕೋಣೆಯಲ್ಲಿ ದೀಪ ಮಂದವಾಗಿತ್ತು. ಮುದುಕಿಯ ಭುಜ ಈಗ ಬೇರೆಯದೇ ಆಗಿತ್ತು. ಎರಡು ಸಲ ಬಿಡಿಸಿಟ್ಟ ಎಳೆಗಳು ಬಿಡಿಸಿದ ಹಾಗೆಯೇ ಇದ್ದವು; ಕೈಯಿಟ್ಟ ಕೂಡಲೇ ದಾರಿ ಕೊಡುತ್ತಿದ್ದವು. ಲಿಲಿಬೆತ್ ನಿಧಾನವಾಗಿ ನೀವಿದಳು. ನಲವತ್ತು ನಿಮಿಷ ಕಳೆಯುವುದು ಅವಳಿಗೆ ಗೊತ್ತಾಗುತ್ತಿತ್ತು. ನಲವತ್ತೊಂದನೆಯ ನಿಮಿಷಕ್ಕೆ, ಕೈ ಭುಜದ ಮೇಲಿರುವಾಗಲೇ, ಶುರು ಮಾಡಿದಳು.

“ಮೇಡಂ, ಮನೆಗೆ ಹೋದ ಮೇಲೂ ಈ ಭುಜ ಹೀಗೇ ಇರ್ಬೇಕು ಅಂದ್ರೆ, ನಮ್ಮ ಹತ್ರ ಪಾಚಿಯ ಒಂದು...”

ಬೆರಳಿನ ಕೆಳಗೆ ಭುಜ ಬಿಗಿಯಿತು. ಮಾತು ಮುಗಿಯುವ ಮುಂಚೆಯೇ. ಮೂರು ದಿನದ ಕೆಲಸ, ಒಂದೊಂದು ಎಳೆಯೂ, ಒಳಗಿನಿಂದ ಯಾರೋ ಎಳೆದುಕೊಂಡಂತೆ ಹಿಂದಕ್ಕೆ ಹೋಯಿತು. ಅವಳ ಕೈಗೆ ಅದು ಗೊತ್ತಾದಷ್ಟು ಮುದುಕಿಗೇ ಗೊತ್ತಾಗಿರಲಾರದು. ಲಿಲಿಬೆತ್ ಮಾತು ನಿಲ್ಲಿಸಿದಳು. ಕೈಯನ್ನು ತೆಗೆಯುವುದೋ ಇಡುವುದೋ ತಿಳಿಯದೆ ಹಾಗೇ ಇಟ್ಟುಕೊಂಡಳು.

“ನೀನೂನಾ ಲಿಲಿ?” ಮಂಚದ ತೂತಿನ ಕೆಳಗಿನಿಂದ ದನಿ ಬಂತು.

“ಸಾರಿ ಮೇಡಂ.”

ಮಿಸೆಸ್ ವಿಟ್‌ಲಾಕ್ ಎದ್ದು ಕೂತು ನಿಲುವಂಗಿ ಸುತ್ತಿಕೊಂಡಳು. ಕೆನ್ನೆಯ ಮೇಲೆ ಮಂಚದ ಅಂಚಿನ ಗುರುತು ಮೂಡಿತ್ತು. ನಿಂಬೆಯ ನೀರನ್ನು ಎರಡು ಗುಟುಕು ಕುಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ತಪ್ಪು ಸ್ವರ ಒತ್ತಿದ ಮಗುವನ್ನು ನೋಡುವಂತೆ ಸ್ವಲ್ಪ ಹೊತ್ತು ನೋಡಿದಳು.

“ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು ನೀನು. ಇದನ್ನ ನಾನು ತಗೊಂಡ್ರೆ ನಿಂಗೇನಾದ್ರೂ ಅನುಕೂಲ ಆಗತ್ತಾ? ಆ ಪಾಚಿ ನಂಗೆ ಖಂಡಿತ ಬೇಡ. ಆದ್ರೆ ನಿಂಗೆ ಬೇಕಾಗಿದ್ರೆ ತಗೋತೀನಿ. ಬೇಕಾ?”

ನೆಸ್ಟರ್ ದೋಣಿಯ ಹಿಂದಿನ ಹಲಗೆಯ ಮೇಲೆ ಕೂತದ್ದು ಅವಳ ಕಣ್ಣಿಗೆ ಬಂತು.

“ಅಯ್ಯೋ, ಇಲ್ಲ ಮೇಡಂ,” ಎಂದಳು ಲಿಲಿಬೆತ್, ನಗುತ್ತ. “ನಂಗೋಸ್ಕರ ಏನೂ ಬೇಡ.”

ಹೀಗೆಂದು ಕಾದಳು.

ಅವಳ ಊರಿನಲ್ಲಿ ಊಟದ ಹೊತ್ತಿಗೆ ಬಂದವರನ್ನು ಬನ್ನಿ ಊಟಕ್ಕೆ ಎಂದರೆ ಹೊಟ್ಟೆ ತುಂಬಿದೆ ಎನ್ನುತ್ತಾರೆ. ಬೆಳಗಿನಿಂದ ಏನೂ ತಿನ್ನದವರೂ ಹಾಗೆಯೇ ಎನ್ನುತ್ತಾರೆ. ಎರಡನೆಯ ಸಲ ಕರೆದಾಗ ನಿಜವಾಗಿಯೂ ಬೇಡ ಎನ್ನುತ್ತಾರೆ. ಮೂರನೆಯ ಸಲಕ್ಕೆ ತಟ್ಟೆ ಕೈಗೆ ಬಂದಿರುತ್ತದೆ. ಮೊದಲ ಸಲಕ್ಕೇ ಹೂಂ ಎಂದವರನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೊದಲ ಸಲದ ‘ಬೇಡ’ ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ. ಅದನ್ನು ಕೇಳಿ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಆ ‘ಬೇಡ’ವನ್ನು ಅವಳು ಯೋಚಿಸಿ ಆಡಿದ್ದಲ್ಲ. ಅದು ತಾನಾಗಿ ಬಂದಿತ್ತು, ಸೀನಿನ ಹಾಗೆ. ಈಗ ಎರಡನೆಯ ಸಲ ಕೇಳುತ್ತಾರೆ, ಆಗ ತಲೆ ತಗ್ಗಿಸಿದರೆ ಸಾಕು ಎಂದುಕೊಂಡು ನಿಂತಳು.

ಮಿಸೆಸ್ ವಿಟ್‌ಲಾಕ್ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಬ್ಬ! ಹಾಗಾದ್ರೆ ಒಳ್ಳೇದಾಯ್ತು. ಒಂದ್ ಕ್ಷಣ ನಂಗೆ ಭಯ ಆಗ್ಬಿಡ್ತು, ನಿನ್ನ ಮೇಲೇನೋ ಒತ್ತಡ ಇದೆಯೇನೋ ಅಂತ.” ಅವಳ ಮುಖ ಸಡಿಲಾಯಿತು. ಇನ್ನೊಬ್ಬರು ಬೇಡ ಎಂದ ಮೇಲೆ ಮತ್ತೆ ಕೇಳುವುದು ಅವಳ ಊರಿನಲ್ಲಿ ಅಗೌರವ. ಮಾತನ್ನು ಮಾತಿನಷ್ಟಕ್ಕೇ ನಂಬುವುದು ಮರ್ಯಾದೆ. ಅವಳು ಆ ಮರ್ಯಾದೆಯನ್ನು ಪೂರ್ತಿಯಾಗಿ ಕೊಟ್ಟಳು. “ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಲಿಲಿ. ನೀನು ನಂಗಿಷ್ಟ ಆಗೋದೇ ಅದಕ್ಕೆ.”

ಚಪ್ಪಲಿ ಮೆಟ್ಟಿಕೊಂಡಳು. ಲಿಲಿಬೆತ್‌ಳ ಎರಡೂ ಕೈಗಳನ್ನು ಹಿಡಿದು, ತಿರುಗಿಸಿ, ಅಂಗೈಗಳನ್ನು ನೋಡಿದಳು. ಪಿಯಾನೊ ಕಲಿಸಿದವಳ ಹಳೆಯ ಅಭ್ಯಾಸವಿರಬೇಕು.

“ಎಂಥ ಕೈ. ಇನ್ನೊಂದು ಚೀಟಿ ಬರೀತೀನಿ ನಿನ್ನ ಬಗ್ಗೆ. ಈ ಸಲ ದೊಡ್ಡದಾಗಿ.”

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಲಿಲಿಬೆತ್ ಅದರ ಹಿಡಿಯ ಮೇಲೆ ಕೈಯಿಟ್ಟಳು. ಹೊರಗೆ ರಬ್ಬರಿನ ಚಪ್ಪಲಿಯ ಸದ್ದು ಕೇಳುತ್ತಿತ್ತು, ಮುದುಕಿಗೆ ಆತುರವಿರಲಿಲ್ಲ. ಕರೆಯಬಹುದಿತ್ತು. ಮೇಡಂ, ನಾನು ಸುಳ್ಳು ಹೇಳಿದೆ, ಬೇಕು ನನಗೆ. ಇಷ್ಟೇ ಮಾತು. ಇಂಗ್ಲಿಷಿನಲ್ಲಿ ಇನ್ನೂ ಚಿಕ್ಕದು. ಹಿಡಿ ತಣ್ಣಗಿತ್ತು. ಬೇಡ ಎಂದ ಮೇಲೆ ಓಡಿಹೋಗಿ ಅದೇ ಬಾಯಿಯಿಂದ ಬೇಡಿದವರ ಮುಖ ಹೇಗಿರುತ್ತದೆಂದು ಅವಳಿಗೆ ಕಲ್ಪಿಸಲೂ ಬರಲಿಲ್ಲ. ಚಪ್ಪಲಿಯ ಸದ್ದು ಲಿಫ್ಟಿನ ಹತ್ತಿರ ನಿಂತಿತು. ಲಿಫ್ಟು ಬಂತು.

ಮಂಚದ ಹಾಸನ್ನು ತೆಗೆದು ಬುಟ್ಟಿಗೆ ಹಾಕಿದಳು.

ಸಂಜೆ ರೊವೀನಾ ಕ್ಯಾಬಿನ್ನಿನಲ್ಲಿ ಕಾಲು ನೀಡಿ ಕೂತಿದ್ದಳು. ಲಿಲಿಬೆತ್ ಹೇಳಿ ಮುಗಿಸುವ ಮೊದಲೇ ಸಿಡಿದಳು.

“ಅವಳೇ ಕೇಳಿದ್ಲಾ? ಅವಳ ಬಾಯಿಂದಾನೇ? ತಗೋತೀನಿ ಅಂದ್ಲಾ?”

“ಹೂಂ.”

“ನೀನು ಬೇಡ ಅಂದ್ಯಾ!”

“ಇನ್ನೊಂದ್ಸಲ ಕೇಳ್ತಾರೆ ಅನ್ಕೊಂಡೆ ಅಕ್ಕ.”

ಬೈಯಲು ತೆರೆದ ಬಾಯಿಯನ್ನು ರೊವೀನಾ ಹಾಗೆಯೇ ಮುಚ್ಚಿದಳು. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅವಳು ಎದ್ದು ಕಪಾಟಿನಿಂದ ಒಣಮೀನಿನ ಪೊಟ್ಟಣ ತೆಗೆದು ಲಿಲಿಬೆತ್‌ಳ ಪಕ್ಕದಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಹಡಗು ಫ್ಲಾರಿಡಾದಲ್ಲಿ ನಿಂತಿತು. ಮಾರೆಲೀಸ್ ಪಾಸ್‌ಪೋರ್ಟಿನ ಜೊತೆ ಕೆಲಸ ಮುಗಿಯಿತೆನ್ನುವ ಒಂದು ಕಾಗದ ಕೊಟ್ಟಳು. ಎರಡನೆಯ ಮೆಚ್ಚುಗೆಯ ಚೀಟಿಯನ್ನೂ ಕೊಟ್ಟಳು, ಇಟ್ಟುಕೋ ಎಂದು. ಮಿಸೆಸ್ ವಿಟ್‌ಲಾಕ್ ದೊಡ್ಡದಾಗಿಯೇ ಬರೆದಿದ್ದಳು, ಹಿಂಬದಿಯಲ್ಲೂ ತುಂಬಿತ್ತು.

“ನಿನ್ನಷ್ಟು ಚೆನ್ನಾಗಿ ಮಾಡೋರು ನನ್ನ ಹತ್ರ ಇಲ್ಲ,” ಎಂದಳು ಮಾರೆಲೀಸ್, ಬೇರೆ ಕಡೆ ನೋಡುತ್ತ.

“ಥ್ಯಾಂಕ್ಯೂ ಮೇಡಂ.”

ಬಂದರಿನ ಹಾಲಿನಲ್ಲಿ ಏರ್‌ಪೋರ್ಟಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಪೆಟ್ಟಿಗೆಯನ್ನು ಕಾಲಿಗೆ ಒರಗಿಸಿಕೊಂಡು ಲಿಲಿಬೆತ್ ಫೋನು ಮಾಡಿದಳು. ಅಲ್ಲಿ ಸಂಜೆ ಕಳೆದಿತ್ತು. ಪಕ್ಕದ ಮನೆಯಲ್ಲಿ ಯಾರೋ ಮೈಕು ಹಿಡಿದು ಹಾಡುತ್ತಿದ್ದರು.

“ಏನೇ, ಈ ಹೊತ್ನಲ್ಲಿ?” ಎಂದ ನೆಸ್ಟರ್.

“ಇಳಿಸಿಬಿಟ್ರು.”

ಹಾಡು ಒಂದು ಚರಣ ಮುಗಿಸಿತು.

“ಸರಿ, ಬಾ,” ಎಂದ ಅವನು. “ಬಾ ಮತ್ತೆ. ಸಾಕು ಆ ನೀರು.” ಆಮೇಲೆ, ಏನೋ ನೆನಪಾದವನಂತೆ, ಬೇಗ ಬೇಗ ಹೇಳಿದ: “ಹೇಳೋದೇ ಮರ್ತಿದ್ದೆ ನೋಡು. ಮೊನ್ನೆ ಡಾಕ್ಟ್ರು ಅಂದ್ರು, ನಿಂಗೆ ಪರವಾಗಿಲ್ಲ ಕಣಪ್ಪ, ಇನ್ಮೇಲೆ ವಾರಕ್ಕೊಂದ್ಸಲ ಬಂದ್ರೆ ಸಾಕು ಅಂತ.”

“ಹೌದಾ?”

“ಹೂಂ ಮತ್ತೆ. ಒಂದ್ಸಲ ಸಾಕಂತೆ. ಅಲೆದಾಟಾನೂ ಕಮ್ಮಿ ಆಯ್ತು.”

ಕಿಡ್ನಿ ಹೋದವರಿಗೆ ಯಾವ ಡಾಕ್ಟರೂ ಹಾಗೆ ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇನ್ನೊಂದು ಸಲ ಕೇಳಿದ್ದರೆ ಅವನು ನಿಜ ಹೇಳಿಬಿಡುತ್ತಿದ್ದ. ಎದುರಿನ ಗಾಜಿನಾಚೆ ಹೊಸ ಅತಿಥಿಗಳ ಸಾಲು ಹಡಗಿನ ಕಡೆಗೆ ನಿಧಾನವಾಗಿ ಸರಿಯುತ್ತಿತ್ತು.

“ಊಟ ಆಯ್ತಾ ನಿಂದು?” ಎಂದು ಕೇಳಿದಳು.